ಹನ್ನೊಂದು ಹೆಬ್ಬೆಟ್ಟಿನ ತಕರಾರು

ನಮ್ಮ ದೊಡ್ಡತ್ತೆಗೆ ಬಾರದ ವಿದ್ಯೆ ಇರಲಿಲ್ಲ. ಹಸುವಿನ ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡ ಕರುವನ್ನು ತಿರುಗಿಸಿ ಈಚೆ ತೆಗೆಯುತ್ತಿದ್ದರು. ಉಳುಕಿದ ಸೊಂಟ ನೀವಿ ಸರಿಮಾಡುತ್ತಿದ್ದರು. ಇಪ್ಪತ್ತು ಜನಕ್ಕೆ ಒಂದೇ ಪಾತ್ರೆಯಲ್ಲಿ ಗಂಟಿಲ್ಲದ ಮುದ್ದೆ ಮಾಡುತ್ತಿದ್ದರು. ಒಂದೇ ಒಂದು ಕೆಲಸ ಮಾತ್ರ ಅವರ ಕೈಲಿ ಆಗುತ್ತಿರಲಿಲ್ಲ. ಬದುಕಿರುವವರನ್ನೂ ಸತ್ತವರನ್ನೂ ಬೇರೆ ಬೇರೆ ಇಟ್ಟು ಮಾತಾಡುವುದು!

ನಗಬೇಡಿ. ನಿಮಗೇನು, ನಗುವುದು ಸುಲಭ. ಆ ಮನೆಗೆ ಹೊಸ ಸೊಸೆಯಾಗಿ ಹೋಗಿ, ಮೂರು ತಿಂಗಳು ಖಾಲಿ ಜಗಲಿಯೊಂದಕ್ಕೆ ತಲೆಯ ಮೇಲೆ ಸೆರಗು ಹೊದ್ದು ಮರ್ಯಾದೆ ಕೊಟ್ಟವಳು ನಾನು.

ನನ್ನ ತವರು ನಾಗಮಂಗಲದ ಕಡೆ, ದೇವಲಾಪುರದ ಹತ್ತಿರ. ತೊಂಬತ್ತರ ದಶಕದ ಒಂದು ವೈಶಾಖದಲ್ಲಿ ನನ್ನನ್ನು ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವ ಬಸ್ಸಿನ ದಾರಿಯ ಒಂದು ಊರಿಗೆ ಕೊಟ್ಟರು. ಊರಿನ ಹೆಸರು ಬೇಡ. ಅಲ್ಲಿ ಕೆಲವರಿಗೆ ನನ್ನ ಮೇಲೆ ಇನ್ನೂ ಕೋಪವಿದೆ. ಬದುಕಿರುವ ಕೆಲವರಿಗೆ, ಎಂದು ಸೇರಿಸಿಬಿಡುತ್ತೇನೆ, ಯಾಕೆಂದರೆ ಆ ಊರಿನ ವಿಷಯದಲ್ಲಿ ಅದನ್ನು ಬಿಡಿಸಿ ಹೇಳದಿದ್ದರೆ ಎಡವಟ್ಟಾಗುತ್ತದೆ. ನನ್ನ ಗಂಡ ಊರಿನ ಹಾಲಿನ ಡೈರಿಗೆ ಸೆಕ್ರೆಟರಿ. ಮನೆಯಲ್ಲಿ ಅತ್ತೆ, ಮಾವ, ಜೊತೆಗೆ ಮಾವನವರ ಅಣ್ಣನ ಹೆಂಡತಿ. ಆ ಅಣ್ಣ ತೀರಿಹೋಗಿ ಬಹಳ ಕಾಲವಾಗಿತ್ತು. ಅವರ ಹೆಂಡತಿಯೇ ನಮ್ಮ ದೊಡ್ಡತ್ತೆ.

ಆ ಮನೆಗೆ ಎರಡು ಬಾಗಿಲು. ಮುಂಬಾಗಿಲು ಬೀದಿಗೆ, ಹಿತ್ತಿಲ ಬಾಗಿಲು ಒಂದು ಓಣಿಗೆ. ಒಂದು ಎತ್ತಿನ ಗಾಡಿ ಕಷ್ಟಪಟ್ಟು ಹಿಡಿಯುವಷ್ಟು ಅಗಲದ ಓಣಿ. ನೂರು ಹೆಜ್ಜೆ ನಡೆದರೆ ಎತ್ತರದಲ್ಲಿ ಬಸ್ಸಿನ ರಸ್ತೆ. ಓಣಿ ಆ ರಸ್ತೆಯನ್ನು ಹತ್ತುತ್ತಿರಲಿಲ್ಲ. ರಸ್ತೆಯ ಕೆಳಗಿನ ಸಣ್ಣ ಸೇತುವೆಯೊಳಗೆ ನುಗ್ಗಿ ಆಚೆ ಬದಿಗೆ ಹೋಗುತ್ತಿತ್ತು. ಆಚೆ ಬದಿಯಲ್ಲಿ ಸ್ಕೂಲು, ಅದರಾಚೆ ಗದ್ದೆ, ಅದರಾಚೆ ಊರಿನ ಸಮಾಧಿಗಳಿರುವ ಹೊಂಗೆ ತೋಪು. ಬಸ್ಸು ಲಾರಿಗಳು ತಲೆಯ ಮೇಲೆ ಗುಡುಗುಡು ಎನ್ನುತ್ತಿದ್ದರೆ ದನ, ಮಕ್ಕಳು, ಹೆಣ ಎಲ್ಲಾ ಕೆಳಗಡೆಯೇ ತಣ್ಣಗೆ ಹೋಗುತ್ತಿದ್ದವು.

ಮದುವೆಯಾದ ಮೂರನೆಯ ದಿನ ಹಿತ್ತಿಲ ಬಾಗಿಲಲ್ಲಿ ಕಸ ಗುಡಿಸುತ್ತಿದ್ದೆ. ದೊಡ್ಡತ್ತೆ ಪಿಸುಗುಟ್ಟಿದರು.

"ಮಗ, ಸೆರಗು ವದ್ಕೊ. ಕುಳ್ಳೇಗೌಡ್ರು ಕುಂತವ್ರೆ."

ಓಣಿಯ ಕಡೆಗೆ ಒಂದು ಕಲ್ಲಿನ ಜಗಲಿ ಇತ್ತು. ನಾನು ಗಾಬರಿಯಿಂದ ಸೆರಗು ಎಳೆದುಕೊಂಡು ತಲೆ ಎತ್ತಿ ನೋಡಿದರೆ ಜಗಲಿಯ ಮೇಲೆ ಯಾರೂ ಇಲ್ಲ. "ಈಗ್ ತಾನೆ ಎದ್ದೋದ್ರು," ಎಂದರು ದೊಡ್ಡತ್ತೆ. ಗುಡಿಸಲು ಹೋಗಿ ಜಗಲಿಗೆ ಕೈ ಊರಿದೆ. ನೆರಳಿನ ಕಲ್ಲು, ತಣ್ಣಗಿತ್ತು. ಒಂದು ಕಡೆ ಮಾತ್ರ ಬೆಚ್ಚಗಿತ್ತು. ಅಯ್ಯೋ, ಹಿರಿಯರು ನನ್ನಿಂದಾಗಿ ಸಂಕೋಚಪಟ್ಟು ಎದ್ದುಹೋದರಲ್ಲಾ ಎಂದು ನನಗೆ ಬೇಜಾರಾಯಿತು. ಮಾರನೆಯ ದಿನದಿಂದ ಜಗಲಿ ಕಂಡ ಕೂಡಲೇ ಸೆರಗು ಹೊದೆಯುವುದು ರೂಢಿಯಾಯಿತು. ಕುಳ್ಳೇಗೌಡರು ಮಾತ್ರ ನನಗೆ ಒಂದು ದಿನವೂ ಕಾಣಿಸಲಿಲ್ಲ. ಎಂಥಾ ಚುರುಕಿನ ಮುದುಕರು!

ಆಮೇಲೆ ಸಣ್ಣತಾಯಮ್ಮ. ವಾರಕ್ಕೆರಡು ಸಲ ದೊಡ್ಡತ್ತೆ ನನ್ನ ಕೈಗೆ ಒಂದು ಚೊಂಬು ಮಜ್ಜಿಗೆ ಕೊಟ್ಟು, "ಓಣಿ ಕೊನೆ ಕಲ್ಲಿನ್ ಮ್ಯಾಲೆ ಮಡಗ್ಬುಟ್ಟು ಬಾ. ಸಣ್ಣತಾಯಿ ಬಂದ್ ಕುಡ್ಕತಾಳೆ. ನಿಂತ್ಕಂಡ್ ನೋಡ್ಬ್ಯಾಡ, ಅವಳಿಗ್ ನಾಚ್ಕೆ," ಎನ್ನುತ್ತಿದ್ದರು. ಇಟ್ಟು ಬರುತ್ತಿದ್ದೆ. ಹೊತ್ತು ಇಳಿಯುವಾಗ ಹೋಗಿ ನೋಡಿದರೆ ಚೊಂಬು ಖಾಲಿ. ಬರೀ ಖಾಲಿಯಲ್ಲ, ಹುಣಸೆ ಹಣ್ಣು ಹಾಕಿ ಉಜ್ಜಿ, ತೊಳೆದು, ಬೋರಲು ಹಾಕಿರುತ್ತಿತ್ತು! ಈ ಊರಿನ ಹೆಂಗಸರು ಎಷ್ಟು ಚೊಕ್ಕಟ ನೋಡು ಎಂದು ತವರಿಗೆ ಬರೆದ ಕಾಗದದಲ್ಲೂ ಹೊಗಳಿದ್ದೆ. ಸಣ್ಣತಾಯಮ್ಮ ಸತ್ತು ಹದಿನೈದು ವರ್ಷವಾಗಿತ್ತೆಂದು ತಿಳಿದದ್ದು ಬಹಳ ತಡವಾಗಿ. ಹಾಗಾದರೆ ಚೊಂಬು ತೊಳೆದವರು ಯಾರು? ನನ್ನನ್ನು ಕೇಳಬೇಡಿ. ನಾನು ಯಾರನ್ನೂ ಕೇಳಲಿಲ್ಲ.

ಒಬ್ಬಳ ವಿಷಯ ಮಾತ್ರ ನನಗೆ ಬೇಗ ಗೊತ್ತಾಯಿತು. ದಿನಾ ಸಂಜೆ ನಾಲ್ಕೂವರೆಗೆ ದೊಡ್ಡತ್ತೆ ಒಂದು ತಟ್ಟೆಯಲ್ಲಿ ಕಡ್ಲೆಪುರಿ, ಬೆಲ್ಲ ಹಾಕಿ ಹಿತ್ತಿಲ ಹೊಸಲಿನ ಮೇಲೆ ಇಡುತ್ತಿದ್ದರು. "ಪದ್ಮಿ ಇಸ್ಕೂಲಿಂದ ಬರೊ ವತ್ತು," ಎನ್ನುತ್ತಿದ್ದರು. ಯಾರ ಮಗು ಎಂದು ನಮ್ಮತ್ತೆಯನ್ನು ಕೇಳಿದೆ. ಅವರು ಕೈಲಿದ್ದ ಸೌಟು ಕೆಳಗಿಟ್ಟರು. "ಅಕ್ಕನ್ ಮಗ್ಳು ಕಣವ್ವ. ಒಬ್ಳೇ ಮಗ್ಳು. ಮೆದುಳು ಜ್ವರ ಬಂದಿತ್ತಲ್ಲ ನಮ್ ಕಡೆ, ಆವಾಗ ಓಯ್ತು. ಏಳು ವರ್ಷ ಅದಕ್ಕೆ. ಓಣೀಲೇ ಇಸ್ಕೂಲ್ಗೆ ಓಯ್ತಿತ್ತು, ಓಣೀಲೇ ಬತ್ತಿತ್ತು. ಅಕ್ಕ ಇನ್ನೂ ದಾರಿ ಕಾಯ್ತದೆ. ನೀನು ಏನೂ ಅನ್ಬ್ಯಾಡ," ಎಂದರು.

ನಾನು ಏನೂ ಅನ್ನಲಿಲ್ಲ. ಹೆತ್ತ ಹೊಟ್ಟೆ, ಏನನ್ನಲಿ? ಆದರೆ ಒಬ್ಬಳ ವಿಷಯ ತಿಳಿದ ಮೇಲೆ ಮಿಕ್ಕವರ ಬಗ್ಗೆಯೂ ಅನುಮಾನ ಬರಬೇಡವೇ? ಬರಲಿಲ್ಲವಲ್ಲ! ಬಿ.ಎ. ಪಾಸು ಮಾಡಿದ ಬುದ್ಧಿ ನನ್ನದು.

ಹೀಗಿರುವಾಗ ಛತ್ರ ಬೆಳೆಯತೊಡಗಿತು. ಓಣಿಯ ಪಕ್ಕದಲ್ಲಿ ಬಸ್ಸಿನ ರಸ್ತೆಗೆ ಮುಖ ಮಾಡಿ ಒಂದು ಮದುವೆ ಛತ್ರವಿತ್ತು. ಯಜಮಾನರು ಊರಿನವರೇ, ಗದ್ದೆ ತೋಟ ಇದ್ದವರು, ಕೆಟ್ಟವರೇನಲ್ಲ. ಮದುವೆಗಳು ಹೆಚ್ಚಾದವು, ಉಣ್ಣುವವರು ಇನ್ನೂ ಹೆಚ್ಚಾದರು. ಹಿಂದಕ್ಕೆ ಒಂದು ಊಟದ ಹಾಲ್, ಅಡುಗೆ ಕೋಣೆ, ಜನರೇಟರ್ ರೂಮು ಕಟ್ಟುತ್ತೇನೆಂದು ಅರ್ಜಿ ಹಾಕಿದರು. ಹಿಂದಕ್ಕೆ ಎಂದರೆ ಓಣಿಯ ಮೇಲೆ! ಸರ್ವೆ ಪ್ರಕಾರ ಓಣಿ ಅವರ ಜಮೀನಿನಲ್ಲೇ ಹಾದಿತ್ತಂತೆ. ರೂಢಿಯಿಂದ ನಡೆದು ಬಂದ ದಾರಿ ಎಂದು ನಡೆಯುವವರು ತಕರಾರು ಮಾಡಿದರೆ ಮಾತ್ರ ಉಳಿಯುತ್ತಿತ್ತು.

ನಮ್ಮ ಸಾಲಿನ ಮನೆಗಳವರೆಲ್ಲಾ ನಮ್ಮ ಪಡಸಾಲೆಯಲ್ಲಿ ಸೇರಿದರು. ಒಬ್ಬೊಬ್ಬರದು ಒಂದೊಂದು ಸಂಕಟ. ಟೈಲರ್ ಶಿವಣ್ಣನಿಗೆ ಬೆಳಕು ಹೋದರೆ ಸೂಜಿಗೆ ದಾರ ಪೋಣಿಸಲಾಗದು. ಪಕ್ಕದ ಮನೆಯ ಜಯಮ್ಮನಿಗೆ ಎಂಜಲೆಲೆ, ಅದಕ್ಕೆ ಬರುವ ನಾಯಿ. ಸ್ಕೂಲಿನ ಮೇಷ್ಟ್ರಿಗೆ ಜನರೇಟರ್ ಸದ್ದಿನಲ್ಲಿ ಮಧ್ಯಾಹ್ನದ ನಿದ್ದೆ ಬಾರದು. ಅರ್ಜಿಯಲ್ಲಿ ಇದನ್ನು ಸಾರ್ವಜನಿಕ ಆರೋಗ್ಯ ಎಂದು ಬರೆಯಿರಿ ಎಂದರು. ಎಲ್ಲರದೂ ಮುಗಿದ ಮೇಲೆ ದೊಡ್ಡತ್ತೆ ಕಂಬಕ್ಕೆ ಒರಗಿಕೊಂಡೇ ಕೇಳಿದರು.

"ಅಲ್ಲಾ, ಓಣಿ ಮುಚ್ಬುಟ್ರೆ ಅವ್ರೆಲ್ಲಾ ಎಂಗ್ ಬತ್ತಾರೆ?"

"ಅದೇ ಕಣಕ್ಕ ಮುಖ್ಯ!" ಎಂದು ಮೇಷ್ಟ್ರು ತೊಡೆ ತಟ್ಟಿದರು. ಗದ್ದೆಯಿಂದ ಬರುವ ಜನ, ದನಗಳ ಬಗ್ಗೆ ಕೇಳುತ್ತಿದ್ದಾರೆಂದು ಅವರು ತಿಳಿದಿದ್ದರು. ದೊಡ್ಡತ್ತೆಯ ಕಣ್ಣು ಹಿತ್ತಿಲ ಹೊಸಲಿನ ಮೇಲಿತ್ತು. ಪದ್ಮಿಯ ದಾರಿ ಮುಚ್ಚಿಹೋಗುತ್ತದಲ್ಲಾ ಎಂಬ ದಿಗಿಲು ಆ ಮುಖದಲ್ಲಿ ನನಗೆ ಕಂಡಿತು. ಏನಾದರೂ ಮಾಡಿ ಓಣಿ ಉಳಿಸಬೇಕು ಎಂದು ಆ ಗಳಿಗೆಯಲ್ಲಿ ನಾನೂ ನಿಶ್ಚಯ ಮಾಡಿದೆ.

ನನ್ನ ಅಕ್ಷರ ದುಂಡಗೆಂದು ಅರ್ಜಿ ಬರೆಯುವ ಕೆಲಸ ನನಗೇ ಬಂತು. ಸಭೆಗೆ ಬಂದವರು ಹದಿನಾಲ್ಕು ಜನ ಸಹಿ ಹಾಕಿದರು. ಎಲ್ಲರೂ ಹೋದ ಮೇಲೆ ದೊಡ್ಡತ್ತೆ ನನ್ನ ಪಕ್ಕ ಬಂದು ಕುಳಿತರು.

"ಇನ್ನೂ ಬಿಟ್ಟೋಗವ್ರಲ್ಲ, ಬರ್ಕೊ."

"ಯಾರು ದೊಡ್ಡತ್ತೆ?"

"ಓಣೀಲಿ ದಿನಾ ತಿರುಗಾಡೋರು. ಕುಳ್ಳೇಗೌಡ್ರು, ಸಣ್ಣತಾಯಮ್ಮ, ಬೋರಜ್ಜ..."

ಕುಳ್ಳೇಗೌಡರು, ಸಣ್ಣತಾಯಮ್ಮ! ನನಗೆ ಚೆನ್ನಾಗಿ ಗೊತ್ತಿದ್ದವರು! ಉತ್ಸಾಹದಿಂದ ಬರೆದೆ. ಒಟ್ಟು ಹನ್ನೊಂದು ಹೆಸರು. ಕೊನೆಯದು ಪದ್ಮಾವತಿ ಎಂದರು. ಪದ್ಮಾವತಿ ಯಾರೆಂದು ಒಂದು ಗಳಿಗೆ ಯೋಚಿಸಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಸಹಿ ಬೇಕಲ್ಲಾ ಎಂದೆ. "ನಾನ್ ಆಕುಸ್ಕೊಂಡ್ ಬತ್ತೀನಿ, ಆ ಶಾಯಿ ಡಬ್ಬ ಕೊಡು," ಎಂದು ಡೈರಿಯ ಸ್ಟಾಂಪ್ ಪ್ಯಾಡನ್ನು ಎತ್ತಿಕೊಂಡು, ಉರಿಬಿಸಿಲಲ್ಲಿ ಓಣಿಗೆ ಇಳಿದು ಸೇತುವೆಯ ಕಡೆ ಹೋದರು. ಬಾಗಿಲಲ್ಲಿ ನಿಂತು ನೋಡಿದೆ. ಸೇತುವೆಯ ಕತ್ತಲೆಯೊಳಗೆ ಹೋದವರು ಬಹಳ ಹೊತ್ತು ಈಚೆಗೆ ಬರಲಿಲ್ಲ. ಒಳಗಿಂದ ಮಾತು ಕೇಳುತ್ತಿತ್ತು. ದೊಡ್ಡತ್ತೆಯ ದನಿ ಮಾತ್ರವೇ ಎಂದು ಕೇಳಿದರೆ, ಸೇತುವೆಯೊಳಗೆ ದನಿ ಮಾರ್ದನಿಸುತ್ತದೆ ಎಂದಷ್ಟೇ ಹೇಳಬಲ್ಲೆ. ವಾಪಸು ಬಂದಾಗ ಕಾಗದದ ತುಂಬ ನೇರಳೆ ಹೆಬ್ಬೆಟ್ಟುಗಳು. ಯಾರಿಗೂ ತೋರಿಸದೆ ಆವತ್ತೇ ಲಕೋಟೆಗೆ ಹಾಕಿ ಅಂಟಿಸಿ ತಾಲ್ಲೂಕು ಕಚೇರಿಗೆ ಕಳಿಸಿಬಿಟ್ಟೆ.

ಶ್ರಾವಣದ ಒಂದು ಮಧ್ಯಾಹ್ನ ಸ್ಥಳ ನೋಡಲು ತಾಲ್ಲೂಕಿನಿಂದ ಒಬ್ಬ ಅಧಿಕಾರಿ ಬಂದರು. ಕನ್ನಡಕ, ಕೊಡೆ, ಕಂಕುಳಲ್ಲಿ ಫೈಲು. ಒಳ್ಳೆಯ ಮನುಷ್ಯ. ಛತ್ರದ ಯಜಮಾನರೂ ಬಂದು ನಿಂತರು. ಓಣಿಯಲ್ಲಿ ನಾವೆಲ್ಲಾ ಸೇರಿದ್ದೆವು. ಅಧಿಕಾರಿ ಹೆಸರು ಕೂಗಿದರು. ಹದಿನಾಲ್ಕು ಜನರೂ "ಇದೀನಿ ಸಾರ್" ಎಂದರು. ಯಜಮಾನರ ಮುಖ ಸಣ್ಣಗಾಯಿತು. ಗೆದ್ದೆವು ಎಂದುಕೊಂಡೆ.

"ಕುಳ್ಳೇಗೌಡರು."

ಮೇಷ್ಟ್ರು ಸುಮ್ಮನೆ ಕೆಮ್ಮಿದರು.

"ಔರೆ," ಎಂದರು ದೊಡ್ಡತ್ತೆ.

"ಎಲ್ಲಿ?"

"ಜಗಲಿ ಮ್ಯಾಲೆ. ಕಾಲ್ನೋವು, ಎದ್ ಬರಾಕಾಗಕಿಲ್ಲ."

ಅಧಿಕಾರಿ ಜಗಲಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ನಾನು ಅಭ್ಯಾಸಬಲದಿಂದ ಸೆರಗು ಹೊದ್ದುಕೊಂಡೆ. ಅದನ್ನು ಕಂಡು ಅವರಿಗೂ ಗೊಂದಲವಾಗಿ, ಜಗಲಿಗೆ ಒಂದು ನಮಸ್ಕಾರ ಹಾಕಿ ಮುಂದಿನ ಹೆಸರಿಗೆ ಹೋದರು.

"ಸಣ್ಣತಾಯಮ್ಮ?"

"ನಿಮ್ ಇಂದ್ಲೇ ನಿಂತವ್ಳಲ್ಲ ಸಾಮಿ."

ಅಧಿಕಾರಿ ಎರಡು ಹೆಜ್ಜೆ ಮುಂದಕ್ಕೆ ಹಾರಿದರು. ಅದೇ ಹೊತ್ತಿಗೆ ಸೇತುವೆಯ ಕಡೆಯಿಂದ ಮೇಕೆಯ ಹಿಂಡೊಂದು ಬಂತು. ಅವರು ಬಿಟ್ಟ ಜಾಗದ ಹತ್ತಿರ ಬರುತ್ತಿದ್ದ ಹಾಗೆ ಹಿಂಡು ಎರಡಾಯಿತು. ಅರ್ಧ ಈ ಕಡೆಯಿಂದ, ಅರ್ಧ ಆ ಕಡೆಯಿಂದ ಸರಿದು, ದಾಟಿದ ಮೇಲೆ ಮತ್ತೆ ಒಂದಾಗಿ ನಡೆಯಿತು. ನಡುವೆ ಒಬ್ಬ ಹೆಂಗಸು ನಿಲ್ಲುವಷ್ಟು ಜಾಗ ಖಾಲಿ ಉಳಿಯಿತು. ನಾವೆಲ್ಲರೂ ನೋಡಿದೆವು.

ಮೊದಲು ನಕ್ಕವರು ಯಜಮಾನರು. "ಸಾರ್, ಇವ್ರೆಲ್ಲಾ ಸತ್ತೋಗವ್ರೆ ಸಾರ್! ಸಣ್ಣತಾಯಮ್ಮನ್ ಮಣ್ಣಿಗೆ ನಾನೇ ಓಗಿದ್ದೆ! ಸತ್ತೋರ್ ಕೈಲಿ ಅರ್ಜಿ ಆಕ್ಸವ್ರೆ!" ಎಂದು ಹೊಟ್ಟೆ ಹಿಡಿದುಕೊಂಡರು. ಮೂರು ತಿಂಗಳ ಸೆರಗು, ಮೂರು ತಿಂಗಳ ಮಜ್ಜಿಗೆ ಎಲ್ಲಾ ನನಗೆ ಒಟ್ಟಿಗೆ ನೆನಪಾಯಿತು.

ಅಧಿಕಾರಿ ಮುಂದಿನ ಹೆಸರನ್ನು ಮೆಲ್ಲಗೆ ಓದಿದರು. "ದೊಡ್ಡಮನೆ ಚಿಕ್ಕೇಗೌಡರು."

ಯಜಮಾನರ ನಗು ನಿಂತಿತು. ಅದು ಅವರ ತಂದೆಯ ಹೆಸರು.

"ಊಂ ಕಣಪ್ಪ," ಎಂದರು ದೊಡ್ಡತ್ತೆ, ಸಮಾಧಾನ ಮಾಡುವ ದನಿಯಲ್ಲಿ. "ನಿಮ್ಮಪ್ಪಾರ್ನೂ ಕೇಳ್ದೆ. ವಸಿ ಕ್ವಾಪ ಮಾಡ್ಕಂಡವ್ರೆ. ನಾನ್ ತಿರುಗಾಡೊ ದಾರೀಲಿ ಎಂಜಲ್ ಕೈ ತೊಳ್ಯೊ ತೊಟ್ಟಿ ಕಟ್ತಾನಂತೆ ನನ್ ಮಗ ಅಂದ್ರು."

ಯಜಮಾನರು ಕೈಲಿದ್ದ ನಕ್ಷೆಯ ಸುರುಳಿಯನ್ನು ಎದೆಗೆ ಒತ್ತಿಕೊಂಡರು. ಆ ನಕ್ಷೆಯನ್ನು ಅವರು ಅಲ್ಲಿಯವರೆಗೆ ಊರಿನಲ್ಲಿ ಯಾರಿಗೂ ಬಿಚ್ಚಿ ತೋರಿಸಿರಲಿಲ್ಲ. ಅಧಿಕಾರಿ ಕೈ ಚಾಚಿ ಈಸಿಕೊಂಡು ಬಿಡಿಸಿದರು. ಕೈ ತೊಳೆಯುವ ತೊಟ್ಟಿ ಸರಿಯಾಗಿ ಓಣಿಯ ನಡುಮಧ್ಯದಲ್ಲಿತ್ತು.

ಇಲ್ಲಿಯವರೆಗೆ ನಾವು ಗೆಲ್ಲುತ್ತಲೇ ಇದ್ದೆವು ನೋಡಿ! ಇನ್ನೊಂದು ಗಳಿಗೆ ಸುಮ್ಮನಿದ್ದಿದ್ದರೆ ಯಜಮಾನರೇ ಕೈಮುಗಿದು ಹೋಗಿಬಿಡುತ್ತಿದ್ದರೇನೋ. ಕೆಟ್ಟದ್ದು ಜಯಮ್ಮನಿಂದ.

"ಅಯ್ಯಯ್ಯೋ, ಸತ್ತೋರ್ ಸಾಲ್ನಾಗೆ ನನ್ನೆಸ್ರು ಬರ್ದವ್ರಾ? ವಡ್ದಾಕಿ ಸಾಮಿ, ಮೊದ್ಲು ವಡ್ದಾಕಿ!"

ಅಷ್ಟೇ ಸಾಕಾಯಿತು. ಒಂದೇ ಕಾಗದದಲ್ಲಿ ಸತ್ತವರ ಜೊತೆ ಹೆಸರಿದ್ದರೆ ಅವರು ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ ಎಂದು ಯಾರೋ ಅಂದರು. ಶಿವಣ್ಣ ತನ್ನ ಹೆಸರು ಹೊಡೆಸಿ, ಹೆಂಡತಿಯ ಹೆಸರನ್ನೂ ಹೊಡೆಸಿದ. ಮೇಷ್ಟ್ರು, ಇದೆಲ್ಲಾ ಮೂಢನಂಬಿಕೆ ಎಂದು ಐದು ನಿಮಿಷ ಭಾಷಣ ಮಾಡಿದರು. ಭಾಷಣ ಮುಗಿಯುವ ಹೊತ್ತಿಗೆ ಅವರೇ ಪೆನ್ನು ತೆಗೆದು ತಮ್ಮ ಹೆಸರಿನ ಮೇಲೆ ಗೀಟು ಎಳೆದಿದ್ದರು. ನನ್ನ ಗಂಡ ನಮ್ಮ ಮನೆಯವರದನ್ನು ಹೊಡೆದು ಹಾಕಿ, ನನ್ನ ಹೆಸರಿನ ಹತ್ತಿರ ಬಂದು ನನ್ನ ಮುಖ ನೋಡಿದರು. ಬೇಡ ಎನ್ನಬಹುದಿತ್ತು. ನಾನು ಅನ್ನಲಿಲ್ಲ. ಹೆದರಿದ್ದೆ. ಅವರು ಗೀಟು ಎಳೆದರು.

ಹೀಗೆ ಹದಿನಾಲ್ಕು ಜನ ಬದುಕಿದವರೂ ಓಡಿಹೋದರು. ಓಣಿಯ ಪರವಾಗಿ ಕಡೆಯವರೆಗೂ ಗಟ್ಟಿಯಾಗಿ ನಿಂತವರು ಸತ್ತವರು ಮಾತ್ರ!

"ಎಲ್ಲಾ ನಮ್ಮ ದೊಡ್ಡಮ್ಮಂದೇ ಬೆರಳು ಸಾರ್, ಬಿಟ್ಬಿಡಿ," ಎಂದು ನನ್ನ ಗಂಡ ಅಧಿಕಾರಿಯ ಕಿವಿಯಲ್ಲಿ ಹೇಳಿದರು. ಅಧಿಕಾರಿ ಕಾಗದವನ್ನು ಬಿಸಿಲಿಗೆ ಹಿಡಿದು ಒಂದೊಂದನ್ನೇ ನೋಡಿದರು. "ಒಂದರ ಹಾಗೆ ಇನ್ನೊಂದಿಲ್ಲವಲ್ರೀ. ಇವರಿಗಿರೋದು ಹತ್ತು ಬೆರಳು. ಇಲ್ಲಿರೋದು ಹನ್ನೊಂದು," ಎಂದರು. ನನ್ನ ಗಂಡ ಆಲೋಚನೆ ಮಾಡಿ, "ಕಾಲಿಂದಿರಬೌದು," ಎಂದರು. ಇವರು ಡೈರಿಯ ಲೆಕ್ಕ ಹೇಗೆ ಬರೆಯುತ್ತಿದ್ದರೋ ದೇವರೇ ಬಲ್ಲ.

ಅಧಿಕಾರಿಯ ಬೆರಳು ಹನ್ನೊಂದನೆಯದರ ಮೇಲೆ ನಿಂತಿತು. ಅದು ಮಿಕ್ಕವುಗಳ ಅರ್ಧದಷ್ಟೂ ಇರಲಿಲ್ಲ.

"ಇದ್ಯಾರದಮ್ಮ? ಮಗೂದಿದ್ದ ಹಾಗಿದೆ."

"ನನ್ ಮಗ್ಳು ಸಾಮಿ. ಪದ್ಮಿ."

ಅಧಿಕಾರಿಗೂ ಅರ್ಥವಾಯಿತು. ಅವರು ಫೈಲನ್ನು ಮಡಚಿಕೊಂಡು, ತಮ್ಮ ಮನೆಯ ಹಿರಿಯರ ಹತ್ತಿರ ಮಾತಾಡುವ ಹಾಗೆ ಮೆಲ್ಲಗೆ ಹೇಳಿದರು.

"ಅಮ್ಮಾ, ಓಣಿ ಮುಚ್ಚಿದ್ರೆ ಮೇಲಿನ ರಸ್ತೆ ಇದೆಯಲ್ಲಾ. ದಾಟಿಕೊಂಡು ಮುಂಬಾಗಿಲಿಂದ ಬರಲಿ ಬಿಡಿ."

"ಬರಾಕಿಲ್ಲ ಸಾಮಿ. ಬಸ್ಸಿನ್ ರೋಡು ಒಬ್ಳೇ ದಾಟ್ಬ್ಯಾಡ ಅಂತ ನಾನೇ ಏಳಿವ್ನಿ. ನನ್ ಮಾತು ಮೀರಾಕಿಲ್ಲ ಅದು. ಆ ಕಡೇಲೇ ನಿಂತ್ಕತದೆ."

ಅಧಿಕಾರಿ ಫೈಲನ್ನು ಕಂಕುಳಿಗೆ ಸೇರಿಸಿದರು. "ನನ್ನ ಫೈಲಿನಲ್ಲಿ ಇದಕ್ಕೆ ಜಾಗ ಇಲ್ಲಮ್ಮ," ಎಂದು ಹೇಳಿ, ಜಗಲಿಗೆ ಇನ್ನೊಂದು ನಮಸ್ಕಾರ ಮಾಡಿ ಹೊರಟುಹೋದರು.

ತಕರಾರು ಇಲ್ಲದ ಕಟ್ಟಡಕ್ಕೆ ಒಪ್ಪಿಗೆ ಸಿಕ್ಕಿತು. ಯಜಮಾನರು ತೊಟ್ಟಿಯನ್ನೇನೋ ಬೇರೆ ಕಡೆಗೆ ಸರಿಸಿದರು, ಆದರೆ ಗೋಡೆ ಎದ್ದಿತು. ನಮ್ಮ ಹಿತ್ತಿಲ ಬಾಗಿಲು ತೆಗೆದರೆ ಎರಡು ಮಾರು ದೂರದಲ್ಲಿ ಹಸಿ ಸಿಮೆಂಟಿನ ಗೋಡೆ. ಶಿವಣ್ಣನ ಬೆಳಕು ಹೋಯಿತು, ಜಯಮ್ಮನಿಗೆ ನಾಯಿಗಳು ಬಂದವು, ಮೇಷ್ಟ್ರ ನಿದ್ದೆ ಕೆಟ್ಟಿತು. ಎಲ್ಲರೂ ದೊಡ್ಡತ್ತೆಯನ್ನು ಬೈದರು. ಹುಚ್ಚು ಮುದುಕಿ ಸತ್ತವರನ್ನು ತಂದು ಬದುಕಿದವರ ಬಾಯಿಗೆ ಮಣ್ಣು ಹಾಕಿದಳು ಎಂದರು. ಬರೆದ ನನಗೂ ಸಾಕಷ್ಟು ಬಿತ್ತು.

ದೊಡ್ಡತ್ತೆ ತಿರುಗಿ ಒಂದು ಮಾತನ್ನೂ ಆಡಲಿಲ್ಲ. ಯಾರ ಸುದ್ದಿಯನ್ನೂ ಎತ್ತಲಿಲ್ಲ. ಸೆರಗು ಹೊದ್ದುಕೋ ಎನ್ನಲಿಲ್ಲ, ಮಜ್ಜಿಗೆ ಕೊಡಲಿಲ್ಲ. ನಾಲ್ಕೂವರೆಯಾದರೆ ಪುರಿಯ ತಟ್ಟೆ ಈಚೆಗೆ ಬರಲಿಲ್ಲ. ಗೋಡೆಯ ಕಡೆ ನೋಡುತ್ತಾ ಕೂತಿರುತ್ತಿದ್ದರು. ಒಂದು ದಿನ ನಾನೇ ಜಗಲಿಯ ಕಲ್ಲನ್ನು ಈ ತುದಿಯಿಂದ ಆ ತುದಿಯವರೆಗೆ ಮುಟ್ಟಿ ನೋಡಿದೆ. ಎಲ್ಲಾ ಕಡೆ ತಣ್ಣಗಿತ್ತು. ಹೇಳಿದರೆ ನಂಬುತ್ತೀರೋ ಇಲ್ಲವೋ, ಆ ಮನೆಯಲ್ಲಿ ನನಗೆ ನಿಜವಾಗಿ ಭಯವಾದದ್ದು ಆವತ್ತು. ಯಾರೂ ಇಲ್ಲದ ಜಗಲಿಯಲ್ಲಿ ನಿಜವಾಗಿಯೂ ಯಾರೂ ಇರಲಿಲ್ಲ!

ಪಿತೃಪಕ್ಷ ಬಂತು. ಆ ಹದಿನೈದು ದಿನ ಮದುವೆಗಳಿಲ್ಲ. ಹೊಸ ಸುಣ್ಣ ಬಳಿದ ಛತ್ರ ಬಾಗಿಲು ಹಾಕಿಕೊಂಡು ಕತ್ತಲೆಯಾಗಿ ನಿಂತಿತ್ತು. ಅಮಾವಾಸ್ಯೆಯ ದಿನ ನಮ್ಮ ಕಡೆ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರು ಏನನ್ನು ಇಷ್ಟಪಟ್ಟು ತಿನ್ನುತ್ತಿದ್ದರೋ ಅದನ್ನೆಲ್ಲಾ ಎಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಸಾಂಬ್ರಾಣಿ ಹಾಕಿ, ಮನೆಯವರೆಲ್ಲಾ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಅವರು ಬಂದು ಉಣ್ಣಲಿ ಎಂದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ, ಒಳಗಿರುವವರಿಗೆ ಗೊತ್ತು ಮಾಡಿ, ಆಮೇಲೆ ತೆಗೆಯುತ್ತೇವೆ.

ಹೊತ್ತು ಮುಳುಗುವ ಸಮಯ. ಮಾವನವರ ಅಪ್ಪನಿಗೆ ಬೀಡಿಕಟ್ಟು, ದೊಡ್ಡಮಾವನಿಗೆ ಕೋಳಿಸಾರು ಮುದ್ದೆ, ಪದ್ಮಿಗೆ ಹೂವಿನ ಲಂಗ, ಕಡ್ಲೆಮಿಠಾಯಿ. ಎಲ್ಲಾ ಇಟ್ಟು, ಎಲ್ಲರೂ ಹೊರಗೆ ಬಂದೆವು. ಮಾವ ಬಾಗಿಲು ಎಳೆಯಬೇಕು, ನೋಡಿದರೆ ದೊಡ್ಡತ್ತೆ ಇಲ್ಲ! ಒಳಗಿಲ್ಲ, ಹಿತ್ತಿಲಲ್ಲಿಲ್ಲ. ನನಗೆ ಏನೋ ಹೊಳೆದು, ಬೀದಿ ಸುತ್ತಿಕೊಂಡು ಬಸ್ಸಿನ ರಸ್ತೆಗೆ ಓಡಿದೆ.

ದೊಡ್ಡತ್ತೆ ರಸ್ತೆಯ ಆಚೆ ಬದಿಯಲ್ಲಿ, ಸ್ಕೂಲಿನ ಕಡೆಯಲ್ಲಿ ನಿಂತಿದ್ದರು. ಒಬ್ಬರೇ. ಎಡಗೈ ಕೆಳಗೆ ಚಾಚಿತ್ತು, ಏಳು ವರ್ಷದ ಮಗುವಿನ ಕೈ ಎಟುಕುವಷ್ಟು ಕೆಳಗೆ. ಬೆರಳುಗಳು ಮಡಚಿದ್ದವು. ಒಂದು ಲಾರಿ ಬಂತು. ಅವರು ಆ ಕೈಯನ್ನು ಸರಕ್ಕನೆ ತಮ್ಮ ಸೀರೆಯ ಹಿಂದಕ್ಕೆ ಎಳೆದುಕೊಂಡರು. ಲಾರಿ ಹೋದ ಮೇಲೆ ಬಗ್ಗಿ ಏನೋ ಹೇಳಿದರು. ಗದರಿದರೋ, ಧೈರ್ಯ ಹೇಳಿದರೋ, ನನಗೆ ಕೇಳಿಸಲಿಲ್ಲ.

ಛತ್ರದ ಮುಂದೆ ಯಜಮಾನರು ನಿಂತಿದ್ದರು. ಅವರ ಮನೆಯಲ್ಲೂ ಆವತ್ತು ಎಡೆ, ಅವರೂ ಬಾಗಿಲು ಮುಚ್ಚಿ ಹೊರಗೆ ಬಂದವರೇ. ಅವರು ಎಲ್ಲವನ್ನೂ ನೋಡುತ್ತಿದ್ದರು. ಕೆ.ಆರ್. ಪೇಟೆ ಬಸ್ಸು ಹಾರನ್ ಹೊಡೆಯುತ್ತಾ ಬರುವುದು ಕಂಡಿತು. ಯಜಮಾನರು ಪಂಚೆ ಎತ್ತಿ ಕಟ್ಟಿ, ರಸ್ತೆಯ ನಡುವೆ ಹೋಗಿ ಎರಡೂ ಕೈ ಅಡ್ಡ ಹಿಡಿದು ನಿಂತುಬಿಟ್ಟರು. ಬಸ್ಸು ಕಿರುಗುಟ್ಟಿ ನಿಂತಿತು. "ಯಾಕ್ಲಾ, ಸಾಯ್ಬೇಕಾ?" ಎಂದು ಡ್ರೈವರು ಕೂಗಿದ.

"ವಸಿ ತಡ್ಕೊಳ್ಲಾ. ಮಕ್ಳು ದಾಟ್ಬೇಕು," ಎಂದರು ಯಜಮಾನರು.

ಡ್ರೈವರು ಇಣುಕಿ ನೋಡಿದ. ಒಬ್ಬ ಮುದುಕಿ ಬಿಟ್ಟರೆ ಅವನಿಗೆ ಯಾರೂ ಕಂಡಿರಲಾರರು. ಅವತ್ತು ಅಮಾವಾಸ್ಯೆ ಎಂಬುದು ನೆನಪಾಯಿತೋ ಏನೋ, ಇಂಜಿನ್ ಆರಿಸಿ ಸುಮ್ಮನೆ ಕೂತ.

ನಾನು ರಸ್ತೆ ದಾಟಿ ದೊಡ್ಡತ್ತೆಯ ಎಡಗಡೆಗೆ ಹೋದೆ. ನನಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ. ಆಗಲೂ ಇರಲಿಲ್ಲ, ಈಗಲೂ ಇಲ್ಲ. ನನ್ನ ಹೆಸರಿನ ಮೇಲೆ ಎಳೆಸಿಕೊಂಡ ಆ ಗೀಟು ಮಾತ್ರ ಅಷ್ಟು ದಿನದಿಂದ ಎದೆಯಲ್ಲಿ ಕೊರೆಯುತ್ತಿತ್ತು.

"ಮಿಕ್ಕೋರೂ ಬರ್ಬೇಕಲ್ವಾ ದೊಡ್ಡತ್ತೆ?" ಎಂದು ಕೇಳಿದೆ.

"ಅವ್ರೆಲ್ಲಾ ದೊಡ್ಡೋರು, ಅವ್ರೇ ಬತ್ತಾರೆ. ನೀನ್ ವಸಿ ಅತ್ಲಾಗ್ ಸರ್ಕೊ ಮಗ, ತುಳ್ದೀಯ."

ಸರಿದೆ. ಅವರ ಹಾಗೆಯೇ ಬಲಗೈಯನ್ನು ಕೆಳಗೆ ಚಾಚಿದೆ. ದೊಡ್ಡತ್ತೆ ನನ್ನ ಮುಖವನ್ನೇ ನೋಡಿದರು. ನಮ್ಮಿಬ್ಬರ ನಡುವೆ ಒಂದು ಮಗು ನಡೆಯುವಷ್ಟು ಜಾಗ ಬಿಟ್ಟುಕೊಂಡು, ಸಣ್ಣ ಹೆಜ್ಜೆ ಇಡುತ್ತಾ, ನಾವು ರಸ್ತೆ ದಾಟಿದೆವು.